ಟೀಚರಮ್ಮನ ಊಟದ ಹೊತ್ತು

"ಎಲ್ಲರದ್ದೂ ಊಟ ಆಯ್ತು. ಟೀಚರಮ್ಮ ಮನುಷ್ಯರಲ್ವಾ ಸರ್?"

ವೃದ್ಧಾಶ್ರಮದ ಕೆಲಸದಲ್ಲಿ ಹೀಗೆ ಕೇಳಿದವಳಿಗೆ ಅದು ಮೊದಲ ದಿನ. ಎದುರಿಗೆ ನಿಂತಿದ್ದವನು ಹೆಡ್ ನರ್ಸ್. ಊಟದ ಹಾಲ್‌ನ ಮೂಲೆಯಲ್ಲಿ ಟೀಚರಮ್ಮ, ಒಂದು ಕಾಲಕ್ಕೆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಜ್ಜಿ, ಊಟವಿಲ್ಲದೆ ಕೂತಿದ್ದರು!

ಅವನು ಬೈಯಲಿಲ್ಲ. ಅವಳನ್ನೇ ಒಮ್ಮೆ ನೋಡಿದ. ಎಂಥ ಕಣ್ಣುಗಳು... "ಅವರದ್ದು ಆಮೇಲೆ," ಎಂದಷ್ಟೇ ಹೇಳಿ ಹೊರಟ.

ಅವಳಿಗೆ ಮೈಯೆಲ್ಲ ಉರಿಯಿತು. ಚಿಕ್ಕಮ್ಮನ ಮನೆಯಲ್ಲಿ ಎಲ್ಲರದ್ದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿಂದು ಬೆಳೆದವಳು ಅವಳು. ಟೀಚರಮ್ಮ ಲಕ್ವ ಹೊಡೆದು ಮಾತು ನಿಂತವರು, ಜಗಳಕ್ಕೆ ಬರಲಾರರು ಅಂತ ತಾನೇ ಈ ತಾತ್ಸಾರ?

ವಾರವಿಡೀ ಅದೇ ನಡೆಯಿತು. ಅವನು ಉಳಿದ ಅಜ್ಜ ಅಜ್ಜಿಯರನ್ನು ನಗಿಸುವುದನ್ನು ಕಂಡರೆ ಇಷ್ಟವಾಗುತ್ತಿತ್ತು. ಇಷ್ಟವಾಗುತ್ತಿದೆಯಲ್ಲ ಎಂದು ಇನ್ನಷ್ಟು ಸಿಟ್ಟು ಬರುತ್ತಿತ್ತು. ಕೊನೆಗೆ ಮ್ಯಾನೇಜರ್ ಮೇಡಂಗೆ ದೂರು ಕೊಟ್ಟೇಬಿಟ್ಟಳು. ಅವನನ್ನು ಬೇರೆ ಆಶ್ರಮಕ್ಕೆ ಕಳಿಸುವುದೆಂದಾಯಿತು.

ಮರುದಿನ ಟೀಚರಮ್ಮನಿಗೆ ಎಲ್ಲರ ಜೊತೆಗೇ ಊಟ. ಅವಳೇ ಮುದ್ದು ಮಾಡಿ ತಿನ್ನಿಸಹೋದಳು. ಅವರು ಸುತ್ತ ನೋಡಿ ತುಟಿ ಬಿಗಿದುಕೊಂಡರು. ಕಣ್ಣಲ್ಲಿ ನೀರು.

ಅಯ್ಯೋ, ನಾನೇನು ತಪ್ಪು ಮಾಡಿದೆ?

ಹಾಲ್ ಖಾಲಿಯಾದ ಮೇಲೆ ಅವನು ಬಂದು ಬಾಗಿಲು ಮುಂದೆ ಮಾಡಿದ. ಅವಳು ಸಂದಿಯಿಂದ ನೋಡಿದಳು. ಚಮಚವನ್ನು ಟೀಚರಮ್ಮನ ಎಡಗೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತ. ಚಮಚ ನಡುಗಿತು, ಚೆಲ್ಲಿತು, ಮತ್ತೆ ಎದ್ದಿತು. ಅವನಿಗೆ ಅವಸರವೇ ಇಲ್ಲ. ಎಷ್ಟೋ ಹೊತ್ತಿಗೆ ತುತ್ತು ಬಾಯಿ ಸೇರಿತು... ಟೀಚರಮ್ಮ ರಾಣಿಯ ಹಾಗೆ ತಲೆಯೆತ್ತಿದರು.

ಅವಳ ಮೈ ಜುಮ್ಮೆಂದಿತು. ಒಂದು ತುತ್ತು ಇಷ್ಟು ದೊಡ್ಡದಾ ದೇವರೇ! ತನ್ನ ಕೈಯಲ್ಲೇ ತಿನ್ನಬೇಕು, ಚೆಲ್ಲುವುದನ್ನು ನಾಲ್ಕು ಜನ ನೋಡಬಾರದು ಅನ್ನುವುದು ಟೀಚರಮ್ಮನ ಆಸೆ. ಎಲ್ಲರಿಗೂ ಒಂದೇ ಹೊತ್ತು ಎಂದು ಹಟ ಹಿಡಿದು ಅವಳು ಅದನ್ನೇ ಕಿತ್ತುಕೊಂಡಿದ್ದಳು.

ಓಡಿಹೋಗಿ ದೂರು ವಾಪಸ್ ತೆಗೆದುಕೊಂಡಳು. ಟೀಚರಮ್ಮನ ಕೈ ಹಿಡಿದು ಕ್ಷಮೆ ಕೇಳಿದಳು. ಆಮೇಲೆ ಕಾರಿಡಾರಿನಲ್ಲಿ ಅವನೆದುರು ನಿಂತಳು.

"ಮೊದಲೇ ಹೇಳ್ಬಾರ್ದಿತ್ತಾ?"

"ಅದು ಅವರ ಗುಟ್ಟು. ನಾನ್ಯಾಕೆ ಹೇಳ್ಲಿ?" ಎಂದು ನಕ್ಕ. "ಆದ್ರೆ ಅವರ ಪರವಾಗಿ ನನ್ನ ಹತ್ರ ಜಗಳಕ್ಕೆ ಬಂದವ್ರು ನೀವೊಬ್ರೇ. ನಾನು ಅವತ್ತೇ ಸೋತೋದೆ."

"ಇಲ್ಲೇ ಇರಿ... ಹೋಗ್ಬೇಡಿ."

"ಯಾರಿಗೋಸ್ಕರ?"

ಅವಳು ಅವನ ಕಣ್ಣುಗಳನ್ನೇ ನೋಡಿದಳು. ಅವನು ಕಾದ.

"ಟೀಚರಮ್ಮನಿಗೋಸ್ಕರ ಅನ್ನೋಣ ಅಂದ್ಕೊಂಡೆ," ಎಂದಳು ಕೊನೆಗೆ. "ಸುಳ್ಳು ಹೇಳೋಕೆ ಬರ್ತಿಲ್ಲ."