ಸಂಜೆಯನ್ನು ಬೆಳಗೆಂದ ಗಡಿಯಾರ

"ಅಯ್ಯ, ಕೀಬೋರ್ಡ್ ಮುಟ್ಟಬ್ಯಾಡ್ರಿ! ರಿಪೋರ್ಟ್ ಅರ್ಧಕ್ಕ ನಿಂತೈತಿ!"

ಶೀಲಾ ಕೂಗಿದ ರಭಸಕ್ಕೆ ಅವನು ಬೆಚ್ಚಿ ಕೈ ಹಿಂದೆಳೆದುಕೊಂಡ.

ಇಳಕಲ್ಲಿನ ಆ ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳೊಬ್ಬಳೇ ಟೆಕ್ನಿಷಿಯನ್. ಬಂದವನು ಕಂಪ್ಯೂಟರ್ ರಿಪೇರಿಯ ವಿಜಯಮಹಾಂತೇಶ.

"ಮುಟ್ಟದ ಹೆಂಗ ರಿಪೇರಿ ಮಾಡ್ಲಿರಿ? ಮಂತ್ರಾ ಹಾಕ್ಲೇನು?"

ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು...

ಕರೆಂಟು ಹೋಗಿ ಬಂದಾಗಲೆಲ್ಲ ಆ ಹಳೆಯ ಕಂಪ್ಯೂಟರಿನ ಗಡಿಯಾರ ಹಿಂದೆ ಬೀಳುತ್ತಿತ್ತು. ಮೌಸೂ ಕೆಟ್ಟಿತ್ತು. ಅವನು ಕೀಗಳನ್ನೊತ್ತಿ ಒಂದು ಕಪ್ಪು ಪರದೆ ತೆರೆದ.

"ಇಲ್ಲಿ ಟೈಮ್ ಅಂತ ಟೈಪ್ ಮಾಡಿ ಎಂಟರ್ ಒತ್ರಿ. ಹೊಸಾ ಟೈಮ್ ಯಾವುದು ಅಂತ ಅದೇ ಕೇಳ್ತೈತಿ. ಹಾಕಿ, ಮತ್ತ ಎಂಟರ್. ಮುಗೀತು."

"ಪ್ರತೀ ಸಲಾನೂ ಇದನ್ನ ಮಾಡ್ಬೇಕೇನ್ರಿ?"

"ಒಳಗಿನ ಸೆಲ್ ಸತ್ತೈತ್ರಿ. ಕರೆಂಟ್ ಹೋದಲ್ಲೇ ಗಡಿಯಾರ ನಿಂತಬಿಡ್ತೈತಿ. ಹೊಸಾ ಸೆಲ್ ನಾಳೆ ತರ್ತೇನಿ."

ಮರುದಿನ ಅವನು ಬಂದ, ಸೆಲ್ ತರಲಿಲ್ಲ. ಅದರ ಮರುದಿನವೂ ಬಂದ, ಮರೆತೇ ಬಂದ. ಅವನು ಬರುತ್ತಿರುವುದು ಸೆಲ್ಲಿಗಾಗಿ ಅಲ್ಲವೆಂದು ಇಬ್ಬರಿಗೂ ತಿಳಿಯುವ ಹೊತ್ತಿಗೆ ಸೆಲ್ಲಿನ ಮಾತೇ ಮರೆತುಹೋಗಿತ್ತು.

ಅವನ ತಾಯಿ ಸಂಗವ್ವ ತಾನೇ ಶೀಲಾಳ ಊರಾದ ಗುಡೂರಿಗೆ ಹೋಗಿ, ಅವಳ ಅಪ್ಪ ಕಾಶಪ್ಪನ ಎದುರು ಕೂತು ಹೆಣ್ಣು ಕೇಳಿದಳು. ಶೀಲಾಳ ಗಲ್ಲ ಹಿಡಿದು, "ನನಗ ಮಗಳಿಲ್ಲವ್ವಾ. ನೀನೇ ಮಗಳಾಗಿ ಬಾ" ಎಂದಳು.

ತಾಯಿಯಿಲ್ಲದೆ ಬೆಳೆದ ಹುಡುಗಿ ಬಗ್ಗಿ ಆಕೆಯ ಕಾಲು ಮುಟ್ಟಿದಳು.

ಮದುವೆ ಹತ್ತಿರ ಬಂದಾಗ ಸಂಗವ್ವ ಜ್ವರದಿಂದ ಹುನಗುಂದದ ದವಾಖಾನೆ ಸೇರಿದಳು. 'ಶೀಲಾ ಅದಾಳಲ್ಲ' ಎಂಬ ನಂಬಿಕೆಯಿಂದ ರಕ್ತವನ್ನು ಇಳಕಲ್ಲಿಗೇ ಕಳಿಸಿದರು. ಮರುದಿನ ಮುಂಜಾನೆ ಶೀಲಾ ಪರೀಕ್ಷೆ ಶುರುಮಾಡಿದ್ದಳು, ಅಷ್ಟರಲ್ಲಿ ಊರಿನ ಕರೆಂಟೇ ಹೋಯಿತು!

"ಸಾಹೇಬ್ರ, ಜನರೇಟರ್ ಹಚ್ಚಿಸ್ರಿ! ನಮ್ಮ ಅತ್ತಿ ರಕ್ತ ಐತಿ!"

"ಅದು ಕೆಟ್ಟು ಬಿದ್ದೈತಲ್ಲವಾ. ಕರೆಂಟ್ ಬರ್ತೈತಿ, ತಡಿ," ಎಂದ ಮಾಲೀಕ.

ಹುನಗುಂದದಲ್ಲಿ ತಾಯಿಯ ಬಳಿಯಿದ್ದ ವಿಜಯಮಹಾಂತೇಶನಿಗೆ ಎಷ್ಟು ಸಲ ಫೋನು ಮಾಡಿದರೂ ಹತ್ತಲಿಲ್ಲ.

ಸಂಜೆ ಕರೆಂಟು ಬಂದಾಗ ಶೀಲಾ ಗಡಿಯಾರ ಸರಿಮಾಡಲು ನಿಲ್ಲಲಿಲ್ಲ. ರಿಪೋರ್ಟ್ ತೆಗೆದವಳೇ, ಬಸ್ಸಿಗೂ ಕಾಯದೆ ಸಿಕ್ಕ ಟಂಟಂ ಆಟೋ ಹತ್ತಿ ಹುನಗುಂದಕ್ಕೆ ಓಡಿದಳು.

ಡೆಂಗಿ... ಕೈಮೀರಿತ್ತು. ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ಯುವ ದಾರಿಯಲ್ಲಿ, ಅಮೀನಗಡ ಮುಟ್ಟುವ ಮೊದಲೇ ಸಂಗವ್ವ ಉಸಿರು ಬಿಟ್ಟಳು.

ಅತ್ತೆಯ ಮಣ್ಣಿಗೆಂದು ಬಂದ ಶೀಲಾಳನ್ನು ವಿಜಯಮಹಾಂತೇಶ ಬಾಗಿಲಲ್ಲೇ ತಡೆದ. ಅವನ ಕೈಯಲ್ಲಿ ಆ ರಿಪೋರ್ಟ್ ಇತ್ತು.

"ಇದರ ಮ್ಯಾಲಿನ ಟೈಮ್ ನೋಡು, ಮುಂಜಾನಿ ತಯಾರಾಗೈತಿ ಇದು! ಸಂಜಿತನಾ ಎಲ್ಲಿ ಇಟ್ಟಿದ್ದಿ?"

"ಕರೆಂಟ್ ಇರಲಿಲ್ರೀ... ಗಡಿಯಾರ ಹಿಂದ ಬಿದ್ದಿತ್ತು..."

"ನಿಮ್ಮ ಮಾಲಕರನ್ನ ಕೇಳೇನಿ. ಜನರೇಟರ್ ಐತಿ, ಕೆಲಸಾ ನಿಂತೇ ಇಲ್ಲ ಅಂದ್ರು. ಮತ್ತ ಗಡಿಯಾರ ಅಂತೀ? ಅದನ್ನ ಸರಿ ಮಾಡಿದಾಂವ ನಾನು! ನನ್ನ ಮುಂದೇ ಸುಳ್ಳ ಹೇಳ್ತಿಯೇನು?"

"ಅತ್ತಿ ಮಾರಿ ಒಮ್ಮೆ..."

"ನಿನಗ ಅತ್ತಿ ಅಲ್ಲ ಆಕಿ. ನಡಿ!"

ಬಾಗಿಲು ಮುಚ್ಚಿತು. ಮದುವೆ ಮುರಿಯಿತು. ಮಾಲೀಕ ಅವಳನ್ನು ಕೆಲಸದಿಂದ ತೆಗೆದ. 'ಅತ್ತೀನ್ನ ಕೊಂದಾಕಿ' ಎಂದು ಗುಡೂರಿನ ಜನ ಬೆನ್ನ ಹಿಂದೆ ಆಡಿಕೊಂಡರು. ಶೀಲಾ ತಲೆ ಎತ್ತದೆ ಖಣದ ಕುಪ್ಪಸ ಹೊಲಿಯುತ್ತ ದಿನ ನೂಕಿದಳು.

ಮರುವರ್ಷದ ಮಳೆಗಾಲದಲ್ಲಿ ಅದೇ ಲ್ಯಾಬಿನಿಂದ ವಿಜಯಮಹಾಂತೇಶನಿಗೆ ಕರೆ ಬಂತು. ಅಲ್ಲೀಗ ಅಮೀನಬಿ ಎಂಬ ಹುಡುಗಿ ಕೆಲಸಕ್ಕಿದ್ದಳು.

"ಟೈಮ್ ತಪ್ಪ ತೋರ್ಸಾಕತ್ತೈತ್ರಿ ಅಣ್ಣಾರ. ಕರೆಂಟ್ ಈಗಷ್ಟೇ ಬಂತು."

ಹೊರಗೆ ಹೊತ್ತು ಮುಳುಗುತ್ತಿತ್ತು. ಪರದೆಯ ಮೇಲೆ ಇನ್ನೂ ಮುಂಜಾನೆ!

ಅವನು ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಧೂಳಿನೊಳಗೆ ಅದೇ ಸತ್ತ ಸೆಲ್. ತಾನು ಬದಲಿಸುತ್ತೇನೆಂದು ಹೇಳಿ ಬದಲಿಸದೇ ಬಿಟ್ಟದ್ದು.

"ಜನರೇಟರ್ ಹಚ್ಚೂದಿಲ್ಲೇನು?"

"ಅದು ಕೆಟ್ಟು ಎಷ್ಟೋ ವರ್ಷಾತಂತ್ರಿ."

ಅವನು ಆ ಸೆಲ್ಲನ್ನು ಕಿತ್ತು ಅಂಗೈಯಲ್ಲಿ ಹಿಡಿದ. 'ಆಕಿ ಖರೇನೇ ಹೇಳಿದ್ಲು... ಬಾಗಿಲಾಗ ನಿಂತು ಖರೇನೇ ಹೇಳಿದ್ಲು!'

ಮರುದಿನ ಗುಡೂರಿನ ಮನೆಯ ಕಟ್ಟೆಯ ಮುಂದೆ ಅವನು ನಿಂತಾಗ ಶೀಲಾ ಹೊಲಿಗೆ ನಿಲ್ಲಿಸಲಿಲ್ಲ. ಅವನು ಎಲ್ಲವನ್ನೂ ಹೇಳಿದ.

"ತಪ್ಪು ನಂದು, ಶೀಲಾ. ಸೆಲ್ ನಾನೇ ತರಲಿಲ್ಲ."

"ಸೆಲ್ಲಿಂದ ಅತ್ತಿ ಹೋಗ್ಲಿಲ್ರಿ." ಅವಳ ದನಿ ತಣ್ಣಗಿತ್ತು. "ಕರೆಂಟ್ ಇದ್ದಿದ್ರೂ ಉಳೀತಿದ್ರೋ ಇಲ್ಲೋ, ಯಾರಿಗ್ಗೊತ್ತು? ನೀವು ಆ ಮಷೀನಿನ ಮಾತು ನಂಬಿದ್ರಿ. ನನ್ನ ಮಾತು ನಂಬಲಿಲ್ಲ."

ಅವಳು ದಾರವನ್ನು ಹಲ್ಲಿನಿಂದ ಕಡಿದಳು.

"ಅವ್ವ ಸಿಕ್ಕಾಳಂತ ಖುಷಿಪಟ್ಟಾಕಿ ನಾ. ಅತ್ತು ಕಳಸಾಕೂ ಬಿಡ್ಲಿಲ್ಲ ನೀವು!" ಈಗ ದನಿ ಒಡೆಯಿತು.

"ನಿನ್ನ ಬಿಟ್ಟು ಒಂದು ದಿನಾನೂ ನಾ ನೆಟ್ಟಗ ಬದುಕಿಲ್ಲ..."

"ನಾನರ ಬದುಕೇನೇನ್ರಿ?"

ಅವಳು ಹೊಲಿಗೆ ಬದಿಗಿಟ್ಟು, ಎದ್ದು ಚಪ್ಪಲಿ ಮೆಟ್ಟಿದಳು.

"ಎಲ್ಲಿ ಮಣ್ಣ ಮಾಡೀರಿ? ತೋರ್ಸ್ರಿ."

ಇಳಕಲ್ಲಿನಾಚೆ, ಹೊಲದ ಬದುವಿನ ಬಳಿ ಸಂಗವ್ವನ ಸಮಾಧಿ. ಶೀಲಾ ಆ ಮಣ್ಣಿಗೆ ಹಣೆ ಹಚ್ಚಿ, ವರ್ಷಪೂರ್ತಿ ತಡೆದಿಟ್ಟುಕೊಂಡದ್ದನ್ನೆಲ್ಲ "ಎವ್ವಾ!" ಎಂದು ಅತ್ತಳು. ಅವನು ದೂರದಲ್ಲೇ ನಿಂತಿದ್ದ.

"ಶೀಲಾ... ಹತ್ರ ಬರ್ಲೇನು?"

ಅವಳು ತಿರುಗಿ ನೋಡಲಿಲ್ಲ. ಆದರೆ ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ಬರ್ರಿ. ಆದ್ರ ನನ್ನ ಸಿಟ್ಟು ಇನ್ನೂ ಹೋಗಿಲ್ಲ."

"ಅದು ಹೋಗೂತನಾ ಇಲ್ಲೇ ಕುಂದರ್ತೇನಿ."

"ಹೋದಮ್ಯಾಲೆ?"

"ಆಮ್ಯಾಲೂ..."