ಮುದ್ರೆ ಬೀಳದ ಹದಿನಾಲ್ಕು ಕಾಗದಗಳು

1956ರ ಡಿಸೆಂಬರ್ 10, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಪುತ್ತೂರು ಠಾಣೆಗೆ ದೆಹಲಿಯ ವಿದೇಶಾಂಗ ಇಲಾಖೆಯ ಲಕೋಟೆ ತಲುಪಿತು. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಲವತ್ತು ದಿನವಾಗಿದ್ದರೂ ಅದು ಮದರಾಸನ್ನು ಸುತ್ತಿ ಬಂದಿತ್ತು. ಮರುದಿನ ಸಂಜೆಯೊಳಗೆ ತಂತಿಯಲ್ಲಿ ಉತ್ತರ ಹೋಗಬೇಕಿತ್ತು.

ಕೊಯಿಲದ ಹಂಝ ಗೋವಾದ ಮಡಗಾಂವಿನಲ್ಲಿ ಅಡುಗೆ ಕೆಲಸಕ್ಕಿದ್ದವನು. ಸತ್ಯಾಗ್ರಹದ ಗಲಾಟೆಯಲ್ಲಿ ಸಿಕ್ಕಿ ಹದಿನಾರು ತಿಂಗಳಿಂದ ಪೋರ್ಚುಗೀಸರ ಜೈಲಿನಲ್ಲಿದ್ದ. ಎರಡು ಸರಕಾರಗಳ ನಡುವೆ ಮಾತು ನಿಂತಿದ್ದರಿಂದ ಭಾರತದ ಪರವಾಗಿ ಈಜಿಪ್ಟಿನ ಅಧಿಕಾರಿಯೊಬ್ಬರು ಅವನನ್ನು ಕಂಡಿದ್ದರು. ಅವರಿಗೆ ಹಂಝ ಕೊಟ್ಟ ದೂರೂ ಜತೆಗಿತ್ತು: ‘ತಾಯಿಗೆ ಮೂರು ಕಾಗದ ಹಾಕಿದೆ. ಉತ್ತರವಿಲ್ಲ. ಯಾರೋ ತಡೆಯುತ್ತಿದ್ದಾರೆ.’ ಅವನು ತನ್ನ ಮಗನೇ ಎಂದು ತಾಯಿ ಹೇಳಿಕೆ ಕೊಟ್ಟರೆ ಬಿಡುಗಡೆಯ ಪಟ್ಟಿಗೆ ಹೆಸರು ಸೇರುತ್ತಿತ್ತು. ಇಲ್ಲದಿದ್ದರೆ ಇಲ್ಲ.

ಸಬ್ ಇನ್‌ಸ್ಪೆಕ್ಟರ್ ದೇವದಾಸ ಕಾಗದ ತಡೆದ ದೂರಿನ ಮೇಲೆ ಎಫ್.ಐ.ಆರ್. ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಬೆಳ್ಯಪ್ಪನನ್ನು ಕೊಯಿಲಕ್ಕೆ ಕಳಿಸಿದರು. ಸಂಜೆ ಐದಕ್ಕೆ ಅವನು ಹಿಂದಿರುಗಿದ.

“ಆ ಹಂಝ ಬೇರೆ ಸರ್. ಮೈಮೂನಮ್ಮನ ಮಗ ಬೊಂಬಾಯಿಯಲ್ಲಿ ಸುಖವಾಗಿದ್ದಾನಂತೆ. ತಿಂಗಳು ತಿಂಗಳು ಕಾಗದ ಬರ್ತದಂತೆ. ಜೈಲು ಅಂದದ್ದಕ್ಕೆ ನನಗೇ ಬೈದ್ರು.”

“ಕಾಗದ ನೋಡಿದೆಯಾ?”

“ತಾಯಿಯೇ ಹೇಳಿದ ಮೇಲೆ ಎಂತ ನೋಡುದು ಸರ್?”

ವರದಿಗೆ ಸಹಿ ಹಾಕಲು ದೇವದಾಸರಿಗೆ ಮನಸ್ಸಾಗಲಿಲ್ಲ. ಫೈಲಿನಲ್ಲಿ ತಾಯಿಯ ಹೆಸರು, ಮನೆಯ ಹೆಸರು ಎರಡೂ ಸರಿಯಾಗಿದ್ದವು. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಾ ಕೂತರು.

11ರ ಬೆಳಿಗ್ಗೆ ಎಂಟಕ್ಕೆ ಅವರೇ ಕೊಯಿಲದಲ್ಲಿದ್ದರು.

“ಇನ್ನೊಬ್ಬ ಪೊಲೀಸ!” ಎಂದರು ಮೈಮೂನಮ್ಮ. “ನನ್ನ ಮಗ ಯಾರ ಕೋಳಿ ಕದ್ದದ್ದು?”

“ಕಾಗದ ತೋರಿಸಿ.”

ಬಿಸ್ಕೆಟಿನ ಡಬ್ಬಿಯಲ್ಲಿ ಹದಿನಾಲ್ಕು ಕಾಗದಗಳಿದ್ದವು. ಒಂದರ ಮೇಲೂ ಅಂಚೆಯ ಮುದ್ರೆ ಬಿದ್ದಿರಲಿಲ್ಲ. ಮಡಿಕೆಗಳಲ್ಲಿ ನೀಲಿ ಹುಡಿ. ಬಟ್ಟೆಗೆ ಗೀಟು ಎಳೆಯುವ ಸೀಮೆಸುಣ್ಣದ್ದು.

“ಓದಿ ಹೇಳುದು ಯಾರು?”

“ಟೈಲರ್ ತ್ಯಾಂಪಣ್ಣ. ಈ ಬದಿಯವರ ಕಾಗದವೆಲ್ಲ ಪೋಸ್ಟಿನವ ಅವರ ಅಂಗಡಿಯಲ್ಲೇ ಕೊಟ್ಟು ಹೋಗುದು. ಮೊದಲು ಮಗ ಬರೆದರೆ ಎರಡು ಗೆರೆ. ಈಗ ನೋಡಿ, ಬೆಕ್ಕು ಮರಿ ಹಾಕಿತಾ ಅಂತಲೂ ಕೇಳ್ತಾನೆ.”

ಹತ್ತು ಗಂಟೆಗೆ ಅಂಗಡಿಯಲ್ಲಿ ತ್ಯಾಂಪಣ್ಣ ಹೊಲಿಗೆಯಿಂದ ತಲೆಯೆತ್ತಿದ. “ಎಂತ ಸರ್, ಯೂನಿಫಾರಂ ಹೊಲೀಲಿಕ್ಕುಂಟಾ?”

“ಮೆಷಿನಿನ ಡ್ರಾವರ್ ತೆಗಿ.”

“ಅದರಲ್ಲಿ ಬರೀ ಗುಂಡಿ ಮಾರಾಯ್ರೆ.”

ಗುಂಡಿಗಳ ಅಡಿಯಲ್ಲಿ ಗೋವಾದ ಮೂರು ಕಾಗದಗಳು ಸಿಕ್ಕಿದವು. ನೆರೆಯ ಅದ್ದು, ಅಲಿ ಕುಂಞಿ ಪಂಚರಾಗಿ ಪಂಚನಾಮೆಗೆ ಸಹಿ ಹಾಕಿದರು. ಹತ್ತೂಮುಕ್ಕಾಲಿಗೆ ತ್ಯಾಂಪಣ್ಣನನ್ನು ದಸ್ತಗಿರಿ ಮಾಡಲಾಯಿತು.

ಆದರೆ ಹೇಳಿಕೆ ಸಿಗಲಿಲ್ಲ. ಠಾಣೆಯಲ್ಲಿ ಮೈಮೂನಮ್ಮ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು. ನಾಲ್ಕೂವರೆಯಾಯಿತು. ಐದಕ್ಕೆ ತಂತಿ ಕಚೇರಿ ಮುಚ್ಚುತ್ತಿತ್ತು. ಬೆಳ್ಯಪ್ಪ ಬಾಗಿಲಿಗೂ ಗಡಿಯಾರಕ್ಕೂ ನಡುವೆ ತಿರುಗುತ್ತಿದ್ದ.

“ನಾನು ಓದ್ತೇನೆ, ಕೇಳಿ ಅಮ್ಮ,” ಎಂದರು ದೇವದಾಸ.

“ನೀವು ಪೊಲೀಸಿನವರು ಎಂತ ಬೇಕಾದರೂ ಓದುವಿರಿ. ತ್ಯಾಂಪಣ್ಣ ಓದಲಿ. ಅವರು ಸುಳ್ಳು ಹೇಳುವವರಲ್ಲ.”

ದೇವದಾಸ ಒಂದು ಕಾಗದವನ್ನು ಲಾಕಪ್ಪಿನ ಸರಳುಗಳೊಳಗೆ ಚಾಚಿದರು. ತ್ಯಾಂಪಣ್ಣ ಓದಿದ.

“ಉಮ್ಮಾ, ಗೋವಾದ ಜೈಲಿನಲ್ಲಿದ್ದೇನೆ. ಬಿಡಿಸಲಿಕ್ಕೆ ಯಾರಿಗಾದರೂ ಹೇಳು.”

“ಮತ್ತೆ?” ಎಂದರು ಮೈಮೂನಮ್ಮ.

“ಅಷ್ಟೇ.”

ಮೈಮೂನಮ್ಮ ಹೆಬ್ಬೆರಳನ್ನು ಸೆರಗಿನಿಂದ ಹೊರಗೆ ತೆಗೆದರು.

“ಎರಡೇ ಗೆರೆ,” ಎಂದರು. “ಇದು ಅವನದ್ದೇ. ಹೆಬ್ಬೆಟ್ಟು ಎಲ್ಲಿ ಒತ್ತುದು?”

ಬೆಳ್ಯಪ್ಪ ಓಡಿದ. ನಾಲ್ಕು ಐವತ್ತೆರಡಕ್ಕೆ ತಂತಿ ಹೋಯಿತು.

ಹೊರಡುವಾಗ ಮೈಮೂನಮ್ಮ ಸರಳುಗಳ ಎದುರು ನಿಂತರು. “ಬೆಕ್ಕಿನ ಮರಿಯನ್ನು ಕೇಳಿದ್ದು ನೀವಾ?”

ತ್ಯಾಂಪಣ್ಣ ಕಾಗದವನ್ನು ಮಡಚಿ ಸರಳುಗಳ ಹೊರಗೆ ಚಾಚಿದ.

ಕೇಸ್ ಡೈರಿಯಲ್ಲಿ ದೇವದಾಸ ಅವನ ಮಾತನ್ನೇ ಬರೆದುಕೊಂಡರು: ‘ಮಂಗಳೂರಿಗೆ ಹೊರಟವನನ್ನು ಗೋವಾಕ್ಕೆ ಹೋಗು ಅಂದದ್ದು ನಾನು. ಮೊದಲನೇ ಕಾಗದ ಬಿಡಿಸಿದಾಗ ಆ ತಾಯಿ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಗೋವಾ ಬಿಟ್ಟು ಬೊಂಬಾಯಿಯಲ್ಲಿ ಸುಖವಾಗಿದ್ದಾನೆ ಅಂತ ಓದಿಬಿಟ್ಟೆ.’