ಜನರಲ್ ಟೆಗೆಲರ್ ಕಡತದ ನಲವತ್ತೇಳನೆಯ ಹಾಳೆ

ಸೋಮವಾರ, ನವೆಂಬರ್ 7, 1994. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಗ್ರೋನ್‌ಬೆಕ್ ಪಟ್ಟಣದ ಪೊಲೀಸ್ ಠಾಣೆಗೆ ದೂರುದಾರರೊಬ್ಬರು ಬಂದರು. ಬಾಗಿಲ ಚಾಪೆಯ ಮೇಲೆ ಬೂಟನ್ನು ಮೂರು ಸಲ ಒರೆಸಿಕೊಂಡೇ ಒಳಗೆ ಕಾಲಿಟ್ಟರು. ಹೆಸರು ರೂಡಿಗರ್ ಟೆಗೆಲರ್, ಕಾಸೆಲ್ ನಗರದಲ್ಲಿ ಭೂಗೋಳದ ಮೇಷ್ಟ್ರು, ವಯಸ್ಸು ಐವತ್ತೇಳು.

"ಏನು ಕಳುವಾಗಿದೆ?" ಕಾನ್‌ಸ್ಟೆಬಲ್ ಸಿಲ್ಕೆ ಕೇಳಿದಳು.

"ಒಂದು ಹಾಳೆ."

"ಒಂದೇ ಹಾಳೇನಾ? ಬೆಲೆ ಎಷ್ಟು ಅಂತ ಬರೀಲಿ?"

"ಬೆಲೆ ಕಟ್ಟಕ್ಕಾಗಲ್ಲ ಕಣಮ್ಮ."

"ಅಯ್ಯೋ, ಆ ಕಾಲಂ ಖಾಲಿ ಬಿಟ್ರೆ ನಮ್ಮ ಸಾಹೇಬರು ಸುಮ್ನಿರಲ್ಲ."

ಸಾಹೇಬರು, ಅಂದರೆ ಇನ್ಸ್‌ಪೆಕ್ಟರ್ ಡೀಟ್‌ಮಾರ್ ರೊಟರ್ಟ್, ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದ. ಟೆಗೆಲರ್ ಎಂಬ ಹೆಸರು ಕಿವಿಗೆ ಬಿದ್ದ ಕೂಡಲೇ ಎದ್ದು ಬಂದ. ಆ ಊರಿನಲ್ಲಿ ಹುಟ್ಟಿ ಬೆಳೆದ ಯಾರಾದರೂ ಎದ್ದು ಬರುತ್ತಿದ್ದರು. ರೈಲು ನಿಲ್ದಾಣದಿಂದ ಚರ್ಚಿನವರೆಗಿನ ದೊಡ್ಡ ಬೀದಿಗೆ ಜನರಲ್ ಟೆಗೆಲರ್ ಬೀದಿ ಎಂದೇ ಹೆಸರು. 1945ರ ಏಪ್ರಿಲ್ 5ರಂದು ಬೆಳಗಿನ ಆರು ಗಂಟೆಗೆ, ಒಂದು ಗುಂಡೂ ಹಾರದಂತೆ ಊರನ್ನು ಅಮೆರಿಕನ್ನರಿಗೆ ಒಪ್ಪಿಸಿ ಉಳಿಸಿದವರು ಅವರು. ರೊಟರ್ಟ್ ಆಗ ಏಳು ವರ್ಷದ ಹುಡುಗ. ಸಂತೆ ಮೈದಾನದಲ್ಲಿ ಜನರಲ್ ತನ್ನ ಕೆನ್ನೆ ಚಿವುಟಿ ಸಕ್ಕರೆ ಅಚ್ಚು ಕೊಟ್ಟದ್ದು ಅವನಿಗೆ ಇವತ್ತಿಗೂ ನಾಲಿಗೆಯ ಮೇಲಿತ್ತು.

"ಅವರು ನಿಮಗೇನಾಗಬೇಕು?"

"ತಾತ. ಅವರ ಸೈನ್ಯದ ಬದುಕನ್ನೆಲ್ಲ ಒಂಬತ್ತು ವರ್ಷದಿಂದ ಹುಡುಕ್ತಾ ಇದೀನಿ. ಯಾವ ರೆಜಿಮೆಂಟು, ಯಾವ ಬಡ್ತಿ, ಯಾವ ಪದಕ, ಎಲ್ಲ. ಈ ವಸಂತದಲ್ಲಿ ನಮ್ಮ ಅಟ್ಟದ ಮೇಲೆ ಅವರ ಟ್ರಂಕು ಸಿಕ್ತು. ಕಾಗದಪತ್ರ ಅಷ್ಟನ್ನೂ ನಿಮ್ಮೂರಿನ ದಾಖಲೆ ಭಂಡಾರಕ್ಕೆ ಕೊಟ್ಟೆ."

"ಅದರಲ್ಲೇ ಈ ಹಾಳೆ ಇತ್ತಾ?"

"ಇತ್ತು. ಊರು ಒಪ್ಪಿಸೋ ಹಿಂದಿನ ದಿನ ಯಾರೋ ಚರ್ಚಿನ ಗೋಪುರಕ್ಕೆ ಬಿಳಿ ಹಾಸು ಕಟ್ಟಿದ್ರು. ಶರಣಾಗೋಕೆ ಹೊರಟ ದ್ರೋಹಿ ಅಂತ ಆ ಮನುಷ್ಯನಿಗೆ ಮರಣದಂಡನೆ ಹಾಕಿದ್ರು; ಆತ ತಾತನಿಗೆ ಬರೆದ ಪ್ರಾಣಭಿಕ್ಷೆಯ ಮನವಿ ಅದು. ಕೆಳಗಿನ ಮೂಲೆ ಪುಡಿಯಾಗಿ ಹೋಗಿದೆ, ಸಹಿ ಇಲ್ಲ, ಯಾರು ಅಂತ ಗೊತ್ತಿಲ್ಲ. ಪಕ್ಕದಲ್ಲಿ ತಾತನ ನೀಲಿ ಪೆನ್ಸಿಲ್ಲು: 'ಇಲ್ಲ.' ಅಷ್ಟೇ. ಮಾರನೇ ದಿನ ತಾತನೇ ಬಿಳಿ ಬಾವುಟ ಹಿಡ್ಕೊಂಡು ಹೋದ್ರು."

ರೊಟರ್ಟ್‌ಗೆ ಬಾಯೊಳಗಿನ ಸಕ್ಕರೆ ಕಹಿಯಾಯಿತು.

ಮುಂದಿನ ವಿವರ ಹೀಗಿತ್ತು. ಬರುವ ಭಾನುವಾರ, 13ನೇ ತಾರೀಖು, ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ. ಅಂದು ಪುರಸಭೆಯ ಮುಂದೆ ಈ ಹಾಳೆಯನ್ನು ಓದಿ, ಬೀದಿಯ ಹೆಸರು ತೆಗೆಯಿರಿ ಎಂದು ಕೇಳಲು ಟೆಗೆಲರ್ ಒಪ್ಪಿಗೆ ಪಡೆದಿದ್ದರು. ಹಾಳೆ ಜೀರ್ಣವಾಗಿದ್ದರಿಂದ ದುರಸ್ತಿಯಾಗುವ ತನಕ ನಕಲು ತೆಗೆಯಲು ಭಂಡಾರದವರು ಬಿಟ್ಟಿರಲಿಲ್ಲ. ಮೊನ್ನೆ ಶುಕ್ರವಾರ ನಕಲು ತೆಗೆಯೋಣವೆಂದು ಕಡತ ಬಿಚ್ಚಿದರೆ ಹಾಳೆಯೇ ಇಲ್ಲ.

"ಭಾನುವಾರದೊಳಗೆ ಸಿಗದಿದ್ರೆ, ತಾತನ ಮಾನ ಉಳಿಸೋಕೆ ನಾನೇ ಕದ್ದೆ ಅಂತಾರೆ. ಇಲ್ಲ, ಅಂಥ ಹಾಳೆನೇ ಇರಲಿಲ್ಲ ಅಂತಾರೆ. ಆ ಮನುಷ್ಯನ್ನ ನಮ್ಮ ಮನೆಯವರು ಎರಡನೇ ಸಲ ಕೊಂದಂಗಾಗುತ್ತೆ, ಸಾರ್."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಬೆಲೆಯ ಕಾಲಂನಲ್ಲಿ ಸಿಲ್ಕೆ ಒಂದು ಗೆರೆ ಎಳೆದಳು. ರೊಟರ್ಟ್ ನೋಡಿದ, ಬಯ್ಯಲಿಲ್ಲ.

ಮಧ್ಯಾಹ್ನ ಎರಡಕ್ಕೆ ಭಂಡಾರದಲ್ಲಿ ಸ್ಥಳ ಪಂಚನಾಮೆ. ಪಕ್ಕದ ಔಷಧಿ ಅಂಗಡಿಯಾಕೆ ಮತ್ತು ಅಂಚೆಯವನು ಪಂಚರು. ಭಂಡಾರದ ಮುಖ್ಯಸ್ಥ ಡಾಕ್ಟರ್ ಪಾಪೆ ಹೊರ ಊರಿನವರು, ಬಂದು ಆರು ವರ್ಷವಾಗಿತ್ತು. ಕಡತ ತಂದು ಮೇಜಿನ ಮೇಲಿಟ್ಟರು.

"ಓದುಗರ ಪಟ್ಟಿ ನೋಡಿ ಇನ್ಸ್‌ಪೆಕ್ಟರೇ. ಪ್ರತಿ ಕಡತದೊಳಗೂ ಒಂದಿರುತ್ತೆ, ನೋಡಿದೋರು ಸಹಿ ಹಾಕ್ಬೇಕು. ಇದರಲ್ಲಿ ಇರೋದು ಒಂದೇ ಹೆಸರು."

ಸೆಪ್ಟೆಂಬರ್ 6, ರೂಡಿಗರ್ ಟೆಗೆಲರ್. ನವೆಂಬರ್ 4, ರೂಡಿಗರ್ ಟೆಗೆಲರ್.

ಹೊರಗೆ ಬಂದ ಮೇಲೆ ಸಿಲ್ಕೆ ಮೆಲ್ಲಗೆ ಹೇಳಿದಳು: "ಕುಂಬಳಕಾಯಿ ಕಳ್ಳ ಅನ್ನೋದಕ್ಕೂ ಮುಂಚೆನೇ ಈ ಮೇಷ್ಟ್ರು ಹೆಗಲು ಮುಟ್ಟಿ ನೋಡ್ಕೊಂಡ್ರಲ್ಲ ಸಾರ್."

"ಮುಚ್ಚಿಡಬೇಕು ಅಂದಿದ್ರೆ ಅಟ್ಟದ ಮೇಲೇ ಬಿಟ್ಟಿರೋರು. ಒಲೆ ಏನು ದೂರ ಇತ್ತಾ?"

"ಕೊಟ್ಟ ಮೇಲೆ ಕರುಳು ಚುರುಕ್ ಅಂದಿರಬಹುದು. ಎಷ್ಟಾದ್ರೂ ತಾತ ಅಲ್ವಾ?"

ಮಾತು ತೆಗೆದುಹಾಕುವಂತಿರಲಿಲ್ಲ. ರೊಟರ್ಟ್ ಮತ್ತೆ ಒಳಗೆ ಹೋಗಿ ಕಡತ ಬಿಚ್ಚಿಸಿದ.

ನಲವತ್ತಾರನೆಯ ಹಾಳೆಯ ನಂತರ ಒಂದು ಖಾಲಿ ಹಾಳೆ. ಪುಟ ಎಣಿಸುವವರ ಕಣ್ಣಿಗೆ ಮಣ್ಣೆರಚಲು ಕಳ್ಳ ಇಟ್ಟದ್ದು ಎಂದು ಪಾಪೆ ಆಗಲೇ ತೀರ್ಪು ಕೊಟ್ಟಿದ್ದರು. ಆದರೆ ಎಂಥ ಖಾಲಿ ಹಾಳೆ! ಅಕ್ಕಪಕ್ಕದ ಹಾಳೆಗಳ ಅಳತೆಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕತ್ತರಿಸಿತ್ತು. ಅಂಚಿಗೆ ತೆಳ್ಳನೆಯ ಪಟ್ಟಿ ಅಂಟಿಸಿ ಕೂರಿಸಿತ್ತು. ಮೇಲಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ 47 ಎಂದು ಸಂಖ್ಯೆ ಬೇರೆ. ಕದ್ದು ಹೋಗುವವನಿಗೆ ಹಿಂದೆ ಉಳಿದ ಹಾಳೆಗಳು ಮುದುಡಬಾರದು ಎಂಬ ಚಿಂತೆ ಇತ್ತು, ನೋಡಿ.

ರೊಟರ್ಟ್ ಬಗ್ಗಿ ಪಟ್ಟಿಯನ್ನು ಮೂಸಿದ. ಹಿಟ್ಟಿನ ಅಂಟು. ಅಂಗಡಿಯ ಡಬ್ಬಿಯದಲ್ಲ, ಒಲೆಯ ಮೇಲೆ ಕುದಿಸಿ ಸೋಸಿದ್ದು. ಆ ವಾಸನೆ ಅವನನ್ನು ಕೈಹಿಡಿದು ಐವತ್ತು ವರ್ಷ ಹಿಂದಕ್ಕೆ ಎಳೆದೊಯ್ದಿತು. ಅಮ್ಮ ಹರಿದ ಪ್ರಾರ್ಥನೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಅವನಿಗೆ ಬೆರಳು ಹಿಡಿಸಿಕೊಂಡು ಹೋಗುತ್ತಿದ್ದ ಬೈಂಡಿಂಗ್ ಅಂಗಡಿ. ಒಲೆಯ ಮೇಲೆ ತಾಮ್ರದ ಪಾತ್ರೆ, ಕಿಟಕಿಯಲ್ಲಿ ಬೆಕ್ಕು. ಬೈಂಡರು ಎವಾಲ್ಡ್ ಓಸ್ಟರ್‌ಕಾಂಪ್ ಮೂಗಿನ ತುದಿಗೆ ಕನ್ನಡಕ ಇಳಿಸಿ, ಕೆಲಸ ಮುಗಿದ ಪುಸ್ತಕದ ಕೊನೆಯ ಹಾಳೆಯ ಒಳಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ತಾರೀಖು ಬರೆಯುತ್ತಿದ್ದರು. "ಯಾಕೆ ಮಾಮ?" ಎಂದು ಕೇಳಿದರೆ, "ನನ್ನ ಕೆಲಸ ಎಷ್ಟು ವರ್ಷ ಬಾಳ್ತು ಅಂತ ನಂಗೆ ಗೊತ್ತಾಗ್ಬೇಕಲ್ಲೋ ಪುಟ್ಟ" ಎನ್ನುತ್ತಿದ್ದರು. ಆಮೇಲೆ ಒಂದು ದಿನ ಅಂಗಡಿ ಮುಚ್ಚಿತು. ಬೈಂಡರು ಎಲ್ಲಿ ಎಂದರೆ ಅಮ್ಮ, "ಯುದ್ಧದಲ್ಲಿ ಹೋದ್ರು, ಊಟ ಮಾಡು" ಎಂದಿದ್ದಳು. ಊರಿನ ಎಲ್ಲ ಅಮ್ಮಂದಿರೂ ಅಷ್ಟೇ ಹೇಳಿದ್ದರು.

"ಟಾರ್ಚು ಕೊಡು," ಎಂದ. ಬೆಳಕನ್ನು ಓರೆಯಾಗಿ ಹಿಡಿದು ಖಾಲಿ ಹಾಳೆಯ ಒಳಮೂಲೆ ನೋಡಿದ. ಸಾಸಿವೆಯಷ್ಟು ಅಕ್ಷರ: 19.9.94.

"ಏನ್ ಕಳ್ಳ ಸಾರ್ ಇವನು! ಕದ್ದ ತಾರೀಖನ್ನೂ ಬರೆದು ಹೋಗಿದಾನೆ," ಎಂದಳು ಸಿಲ್ಕೆ.

"ಆ ದಿನ ಮೇಷ್ಟ್ರು ಎಲ್ಲಿದ್ರು ವಿಚಾರಿಸು."

ಮಂಗಳವಾರ ಬೆಳಿಗ್ಗೆ ಉತ್ತರ ಬಂತು. ಸೆಪ್ಟೆಂಬರ್ 19ರಂದು ಟೆಗೆಲರ್ ಮೂವತ್ತೆರಡು ಮಕ್ಕಳನ್ನು ಕಟ್ಟಿಕೊಂಡು ಹಾರ್ಟ್ಸ್ ಬೆಟ್ಟದಲ್ಲಿದ್ದರು. ಒಬ್ಬ ಹುಡುಗ ಕಾಲು ಉಳುಕಿಸಿಕೊಂಡ ವರದಿಗೆ ಅವರ ಸಹಿಯೂ ಇತ್ತು. ಸಿಲ್ಕೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಅವರ ಹೆಸರಿನ ಮುಂದಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಹೊಡೆದುಹಾಕಿದಳು.

ಬುಧವಾರ ರೊಟರ್ಟ್ ಪಾಪೆಯವರನ್ನು ಮತ್ತೆ ಕಂಡ.

"ಇಲ್ಲಿ ಅಂಟು ಕುದಿಸೋರು ಯಾರು?"

"ಹೊಸ ಬೈಂಡರ್ ಹುಡುಗಿ. ಇನ್ನೂ ಕಲೀತಿದಾಳೆ. ಕಲಿಸೋಕೆ ಫ್ರೌ ಲಾಂಬ್ರೆಖ್ಟ್ ಅಂತ ಹಿರಿಯ ಹೆಂಗಸು ಸೋಮವಾರ ಸೋಮವಾರ ಬರ್ತಾರೆ. ನಲವತ್ತೊಂದು ವರ್ಷ ಇಲ್ಲೇ ಕೆಲಸ ಮಾಡಿ ಈ ವರ್ಷ ನಿವೃತ್ತರಾದ್ರು."

"ಸೆಪ್ಟೆಂಬರ್ ಹತ್ತೊಂಬತ್ತು ಯಾವ ವಾರ?"

ಪಾಪೆ ಕ್ಯಾಲೆಂಡರ್ ತಿರುವಿದರು. ತಿರುವಿ ಕುರ್ಚಿಯ ಮೇಲೆ ಕುಳಿತರು. "ಛೇ ಛೇ, ಅವರಾ? ಕಚೇರಿ ಪೆನ್ಸಿಲ್ ಮೋಟಾದ್ರೂ ಮನೆಗೆ ಒಯ್ದೋರಲ್ಲ ಅವರು!"

ರೊಟರ್ಟ್ ನಿವಾಸಿಗಳ ನೋಂದಣಿ ಕಚೇರಿಗೆ ಹೋಗಿ ಹಳೆಯ ಚೀಟಿ ತೆಗೆಸಿದ. ಹೆಡ್ವಿಗ್ ಲಾಂಬ್ರೆಖ್ಟ್, ವಿಧವೆ, ಜನನ 1932. ತವರಿನ ಹೆಸರು ಓಸ್ಟರ್‌ಕಾಂಪ್. ಆತ ನಿರೀಕ್ಷಿಸಿದ್ದೇ ಅದು. ಆದರೂ ಆ ಹೆಸರನ್ನು ಎರಡು ಸಲ ಓದಿದ.

ಗುರುವಾರ, ನವೆಂಬರ್ 10, ಮಧ್ಯಾಹ್ನ ಮೂರು ಐದು. ಆಕೆಯ ಮನೆಯ ಬಾಗಿಲು ತೆರೆದದ್ದೇ ತಡ, ರೊಟರ್ಟ್ ಮತ್ತು ಸಿಲ್ಕೆಗೆ ಹಿಟ್ಟಿನ ಅಂಟಿನ ಬಿಸಿ ವಾಸನೆ ಎದುರಾಯಿತು. ನಾಳಿನ ಮಾರ್ಟಿನ್ ಹಬ್ಬದ ಮೆರವಣಿಗೆಗೆ ಕೇರಿಯ ಮಕ್ಕಳಿಗೆಂದು ಫ್ರೌ ಲಾಂಬ್ರೆಖ್ಟ್ ಕಾಗದದ ಗೂಡುದೀಪ ಮಾಡುತ್ತಿದ್ದರು. ಮೇಜಿನ ಇನ್ನೊಂದು ತುದಿಯಲ್ಲಿ ಕಾಫಿ, ಪ್ಲಮ್ ಹಣ್ಣಿನ ಕೇಕು. ಮೂರು ಬಟ್ಟಲು.

"ಯಾರೋ ಬರ್ತಾರೆ ಅಂತ ಗೊತ್ತಿತ್ತಾ?"

"ಮೇಷ್ಟ್ರು ದೂರು ಕೊಟ್ರಂತೆ ಅಂತ ಬೇಕರಿಲಿ ಕೇಳ್ದೆ. ಸೋಮವಾರದಿಂದ ಮೂರು ಬಟ್ಟಲು ಇಡ್ತಾನೇ ಇದೀನಿ. ನೀವು ತಡ ಮಾಡಿದ್ರಿ. ನೀನು ರೊಟರ್ಟ್ ಮನೆ ಹುಡುಗ ಅಲ್ವಾ? ನಿಮ್ಮಮ್ಮನ ಪ್ರಾರ್ಥನೆ ಪುಸ್ತಕ ನಮ್ಮಪ್ಪ ಎರಡು ಸಲ ಹೊಲಿದ್ರು."

"ಇನ್ನೂ ಗಟ್ಟಿಯಾಗಿದೆ," ಎಂದ ರೊಟರ್ಟ್. ಆಮೇಲೆ ಕೇಳಿದ: "ಹಾಳೆ ಎಲ್ಲಿದೆ?"

ಆಕೆ ಬೀರುವಿನಿಂದ ಒಂದು ರಟ್ಟಿನ ಪೆಟ್ಟಿಗೆ ತಂದರು. ಅದನ್ನೂ ಹಾಳೆಯ ಅಳತೆಗೇ ಮಾಡಿದ್ದರು.

"ನೀವೇ ತೆಗೆದ್ರಾ?"

"ನಾನೇ."

"ಯಾವಾಗ?"

"ಬರೆದಿದೀನಲ್ಲ."

"ತಾರೀಖು ಬರೆದ್ರೆ ಸಿಕ್ಕಿಬೀಳ್ತೀರಿ ಅಂತ ಹೊಳೀಲಿಲ್ವಾ ಅಜ್ಜಿ?" ಸಿಲ್ಕೆಗೆ ತಡೆಯಲಾಗಲಿಲ್ಲ.

"ಹೊಳೀತು. ಆದ್ರೆ ತಾರೀಖು ಹಾಕದೆ ಕೆಲಸ ಮುಗೀತು ಅನ್ನೋದು ಹೆಂಗೆ?"

ದುರಸ್ತಿಗೆಂದು ಕಡತ ಕೈಗೆ ಬಂದಾಗ ಅಕ್ಷರ ನೋಡಿದ ಕೂಡಲೇ ಗುರುತು ಹಿಡಿದೆ ಎಂದರು. ಊರು ಒಪ್ಪಿಸಿದ ಗಲಾಟೆಯಲ್ಲಿ ಅಂಗಡಿ ಲೂಟಿಯಾಗಿ, ಅಪ್ಪನ ಕೈಬರಹದ ಒಂದು ಚೀಟಿಯೂ ಉಳಿದಿರಲಿಲ್ಲ. ರೊಟರ್ಟ್ ಪೆಟ್ಟಿಗೆ ತೆರೆದು ಓದಿದ. ಒಂದು ಸಾಲಿನಲ್ಲಿ ಕಣ್ಣು ನಿಂತಿತು: "ನನ್ನ ಮಗಳಿಗೆ ಹನ್ನೆರಡು. ಅಂಟು ಕುದಿಸುವುದು ಕಲಿತಿದ್ದಾಳೆ, ಹೊಲಿಯುವುದು ಕಲಿಸಿಲ್ಲ. ಅದಕ್ಕೆ ಇನ್ನೊಂದು ವರ್ಷ ಬೇಕು. ಕೊಡಬೇಕು." ಪಕ್ಕದಲ್ಲಿ ನೀಲಿ ಪೆನ್ಸಿಲ್: "ಇಲ್ಲ."

"ಹೊಲಿಗೆ ಯಾರು ಕಲಿಸಿದ್ರು?"

"ಯಾರೂ ಇಲ್ಲ. ಅಪ್ಪ ಹೊಲಿದ ಪುಸ್ತಕ ಬಿಚ್ಚಿ ಬಿಚ್ಚಿ ನೋಡಿ ಕಲಿತೆ." ಆಕೆ ಕೈಗೆ ಅಂಟಿದ್ದ ಕಾಗದದ ಚೂರು ಬಿಡಿಸಿಕೊಂಡರು. "ಊರೋರ ಹರಿದಿದ್ದೆಲ್ಲ ನಲವತ್ತೊಂದು ವರ್ಷ ಅಂಟಿಸಿದೀನಿ ಕಣಪ್ಪ. ಪುಸ್ತಕದ ಮೂಲೇಲಿ ಬರೆದ ತಾರೀಖು ಬಿಟ್ರೆ, ನಮ್ಮಪ್ಪನ ಕೈಯಕ್ಷರ ಅಂತ ಲೋಕದಲ್ಲಿ ಇರೋದು ಇದೊಂದೇ. ಅದು ಕೊಂದವನ ಹೆಸರಿನ ಕಡತದಲ್ಲಿ ಮಲಗಿತ್ತು. ಅಲ್ಲಿಂದ ಎಬ್ಬಿಸಿಕೊಂಡು ಬಂದೆ."

ಮೂರು ಐವತ್ತಕ್ಕೆ ಜಪ್ತಿ ಪಂಚನಾಮೆ. ಒಂದು ಹಾಳೆ, ಪೆನ್ಸಿಲ್ ಬರಹ, ಮೂಲೆ ದುರಸ್ತಿ ಮಾಡಿದೆ. ನಾಲ್ಕಕ್ಕೆ ದಸ್ತಗಿರಿ. ಫ್ರೌ ಲಾಂಬ್ರೆಖ್ಟ್ ಒಲೆ ಆರಿಸಿ, ಕೇಕನ್ನು ಮುಚ್ಚಿಟ್ಟು, ಕೋಟು ಹಾಕಿಕೊಂಡರು. ಕೈಕೋಳದ ಮಾತನ್ನು ಯಾರೂ ಎತ್ತಲಿಲ್ಲ.

ಠಾಣೆಯಲ್ಲಿ ಟೆಗೆಲರ್ ಕಾಯುತ್ತಿದ್ದರು. ವಿಷಯ ಕೇಳಿ, ದೂರು ವಾಪಸು ತೊಗೋತೀನಿ ಎಂದು ಮೇಜು ಹಿಡಿದುಕೊಂಡರು. ಅದು ಕಾನೂನಿನಲ್ಲಿ ಇರಲಿಲ್ಲ. ಹಾಳೆ ಸಿಕ್ಕಿತ್ತು, ಅವರ ಮೇಲಿನ ಅನುಮಾನ ಕಳೆದಿತ್ತು; ಆದರೂ ಆಕೆಯ ಮುಂದೆ ತಲೆ ಎತ್ತಲು ಆ ಐವತ್ತೇಳರ ಮನುಷ್ಯನಿಗೆ ಆಗಲಿಲ್ಲ.

"ಭಾನುವಾರ... ಅದನ್ನ ನಾನು ಓದಬಹುದಾ ಅಮ್ಮ? ಅವರ ಹೆಸರು ಹೇಳಿ?"

ಆಕೆ ಅವರ ಎದುರಿನ ಕುರ್ಚಿಯಲ್ಲಿ ಕುಳಿತರು.

"ಟ್ರಂಕು ಸಿಕ್ಕಾಗ ಸುಡಬಹುದಿತ್ತಲ್ಲ ನೀವು. ಯಾಕೆ ಸುಡಲಿಲ್ಲ?"

"ಅವರು ಒಂದು ವರ್ಷ ಕೇಳಿದ್ರು. ನಮ್ಮನೇಲಿ ಅದು ಐವತ್ತು ವರ್ಷ ಸುಮ್ನೆ ಬಿದ್ದಿತ್ತು."

"ನೀವು ಓದಬೇಡಿ," ಎಂದರು ಆಕೆ. "ನಾನು ಓದ್ತೀನಿ. ನೀವು ಪಕ್ಕದಲ್ಲಿ ನಿಂತ್ಕೊಳ್ಳಿ."

ಅಂದು ಸಂಜೆಯೇ ಸರ್ಕಾರಿ ವಕೀಲರು ಆಕೆಯನ್ನು ಮನೆಗೆ ಬಿಟ್ಟರು. ಡಿಸೆಂಬರಿನಲ್ಲಿ ಎಚ್ಚರಿಕೆ ಕೊಟ್ಟು ಪ್ರಕರಣ ಮುಗಿಸಿದರು. ಅಂತಿಮ ವರದಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ರೊಟರ್ಟ್ ಬರೆದದ್ದು ಇಷ್ಟು: "ಆರೋಪಿಯು ತನ್ನ ತಂದೆಯನ್ನು ಮನೆಗೆ ಕರೆದುಕೊಂಡು ಹೋಗಿರುತ್ತಾರೆ."

ಹಾಳೆ ಈಗ ಭಂಡಾರದಲ್ಲೇ, ಎವಾಲ್ಡ್ ಓಸ್ಟರ್‌ಕಾಂಪ್ ಹೆಸರಿನ ಕಡತದಲ್ಲಿದೆ. ಆ ಕಡತದಲ್ಲಿ ಅದೊಂದೇ ಹಾಳೆ. ಜನರಲ್ ಕಡತದಿಂದ ಖಾಲಿ ಹಾಳೆಯನ್ನು ಮಾತ್ರ ಪಾಪೆ ತೆಗೆಸಲಿಲ್ಲ. ಟೆಗೆಲರ್ ಅದರ ನಡುವೆ ಪೆನ್ಸಿಲ್‌ನಲ್ಲಿ, "ಓಸ್ಟರ್‌ಕಾಂಪ್ ಕಡತ ನೋಡಿ" ಎಂದು ಬರೆದರು. ಬರೆದು, ಪಕ್ಕದಲ್ಲಿ ನಿಂತಿದ್ದ ಫ್ರೌ ಲಾಂಬ್ರೆಖ್ಟ್ ಕಡೆ ತಿರುಗಿದರು.

"ತಾರೀಖು ಹಾಕಿ," ಎಂದರು ಆಕೆ.